ಅತ್ತೆಯ ಬಾಗಿಲಿಗೆ ಎಂಟುನೂರ ಇಪ್ಪತ್ತೆಂಟು ಕೆಜಿ

"ನಾಳೆ ನೀನು ಡೈರಿಯಿಂದ ಬರೋ ಹೊತ್ತಿಗೆ ಈ ಮನೇಲಿ ಒಂದು ಸಮುದ್ರ ಇರುತ್ತೆ ನೋಡ್ತಿರು! ಅಲೆ ಸಮೇತ!"

ಹೀಗೆಂದು ಪೈಲ್ವಾನ ಸಂಜೆ ಆರು ಗಂಟೆಗೆ ಹೆಂಡತಿಯ ಮುಂದೆ ಘೋಷಿಸಿದ. ಬಗಲಲ್ಲಿ ಮಡಿಚಿದ ನೀಲಿ ಬಣ್ಣದ ದಪ್ಪ ಪ್ಲಾಸ್ಟಿಕ್ ಗಂಟೊಂದಿತ್ತು, ತಲೆಯ ಮೇಲೆ ಫೋಮಿನ ನಾಲ್ಕು ಪಟ್ಟಿ. ಮೂರು ಅಂತಸ್ತಿನ ಮೆಟ್ಟಿಲನ್ನು ಅಷ್ಟನ್ನೂ ಹೊತ್ತುಕೊಂಡೇ ಹತ್ತಿ ಬಂದಿದ್ದ. ಉಸಿರು ಕೂಡ ಏರಿರಲಿಲ್ಲ.

ಪೈಲ್ವಾನ ಅಂದರೆ ಅಖಾಡದ ಪೈಲ್ವಾನನಲ್ಲ. ಅವನು ಫೋಮ್ ಹಾಸಿಗೆ ಗೋದಾಮಿನ ಮೇಲ್ವಿಚಾರಕ. ಆರಡಿ ಅಗಲ, ಐದು ಇಂಚು ದಪ್ಪದ ಮೂರು ಹಾಸಿಗೆಗಳನ್ನು ಒಟ್ಟಿಗೆ ತಲೆಯ ಮೇಲಿಟ್ಟುಕೊಂಡು ಬೀದಿ ದಾಟುತ್ತಿದ್ದ. ನೋಡಿದವರಿಗೆ ಒಂದು ಗೋಡೆಯೇ ಎದ್ದು ನಡೆದುಹೋದಂತೆ ಕಾಣುತ್ತಿತ್ತು. ಹಾಸಿಗೆ ಒಂದಕ್ಕೆ ಹದಿಮೂರು ಕೆಜಿ ಎಂಬ ಗುಟ್ಟು ಗೋದಾಮಿನವರಿಗೆ ಮಾತ್ರ ಗೊತ್ತು. ಹದಿನೆಂಟು ವರ್ಷ ಇದೇ ಕೆಲಸ ಮಾಡಿದ ಮೇಲೆ ಅವನ ತಲೆಯಲ್ಲಿ ಒಂದು ಸಿದ್ಧಾಂತ ಗಟ್ಟಿಯಾಗಿ ಕೂತುಬಿಟ್ಟಿತ್ತು: ಈ ಲೋಕದಲ್ಲಿ ದೊಡ್ಡದಾಗಿ ಕಾಣುವುದೆಲ್ಲ ಹಗುರ!

ಹೆಂಡತಿಯದು ತದ್ವಿರುದ್ಧ ಕಸುಬು. ಹಾಲಿನ ಡೈರಿಯಲ್ಲಿ ಪರೀಕ್ಷಕಿ. ಬೆಳಗಿನ ಜಾವ ಕ್ಯಾನುಗಳು ಬಂದಿಳಿದ ಕೂಡಲೇ ಪ್ರತಿಯೊಂದಕ್ಕೂ ಗಾಜಿನ ಕೊಳವೆ ಇಳಿಬಿಟ್ಟು, ಹಾಲು ಎಷ್ಟು ಗಟ್ಟಿ, ಎಷ್ಟು ನೀರು ಬೆರೆತಿದೆ ಎಂದು ಹೇಳುವುದು ಅವಳ ಕೆಲಸ. ಅವಳ ಎದುರು ಸುಳ್ಳು ತೇಲುತ್ತಿರಲಿಲ್ಲ, ಮುಳುಗುತ್ತಿತ್ತು.

"ಏನದು?" ಎಂದಳು.

"ನೀರಿನ ಹಾಸಿಗೆ! ನಮ್ಮ ಮಾಲೀಕರ ಹೊಸ ಮಾಲು. ಸುತ್ತ ನಮ್ಮದೇ ಫೋಮಿನ ಅಂಚು, ನಡುವೆ ನೀರು ತುಂಬಿದ ಚೀಲ. ಮೊದಲು ಒಬ್ಬರು ಮನೇಲಿ ಮಲಗಿ ನೋಡಿ ವರದಿ ಕೊಡಬೇಕಂತೆ. ಯಾರು ಅಂದರು. ನಾನು ಅಂದೆ. ಮುಂದಿನ ತಿಂಗಳು ನೀರಿನ ವಿಭಾಗ ಅಂತ ಬೇರೆ ಮಾಡ್ತಾರೆ. ಅದಕ್ಕೆ ಮುಖ್ಯಸ್ಥ ಯಾರು ಅಂತೀಯ?"

"ನೀರು ಎಷ್ಟು ಹಿಡಿಸುತ್ತೆ?"

"ಅದೆಲ್ಲ ನಿನಗ್ಯಾಕೆ? ಹಾಲಿನ ವಿಷಯದಲ್ಲಿ ನಾನು ಬಾಯಿ ಹಾಕ್ತೀನಾ?"

"ನಾಳೆ ಅಮ್ಮನ ಡ್ರೈವಿಂಗ್ ಟೆಸ್ಟ್ ಇದೆ, ನೆನಪಿದೆಯಾ? ಹನ್ನೊಂದು ಗಂಟೆಗೆ. ನೀವೇ ಕರ್ಕೊಂಡು ಹೋಗ್ತೀನಿ ಅಂದಿದ್ರಿ."

"ಹನ್ನೊಂದು ಗಂಟೆ ಎಲ್ಲಿ, ನನ್ನ ಹಾಸಿಗೆ ಎಲ್ಲಿ! ಎಂಟೂವರೆಗೆಲ್ಲ ಮುಗಿಸಿ, ಮಗ್ಗುಲು ಬದಲಿಸಿ, ಒಂದು ನಿದ್ದೆಯನ್ನೂ ತೆಗೆದಿರ್ತೀನಿ."

ಅತ್ತೆಯ ವಿಷಯ ಇಲ್ಲಿ ಹೇಳಲೇಬೇಕು. ಅವರು ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವರು. ಈಗ ಅರವತ್ತೆರಡು. ಗಂಡ ತೀರಿಹೋದಾಗ ಒಂದು ಪುಟ್ಟ ಕಾರನ್ನು ಬಿಟ್ಟುಹೋಗಿದ್ದರು. ಬದುಕಿದ್ದಷ್ಟು ದಿನ ಹೆಂಡತಿಗೆ ಅದರ ಬೀಗದ ಕೈಯನ್ನೂ ಮುಟ್ಟಗೊಡಲಿಲ್ಲ. "ಎಂಟುನೂರು ಕೆಜಿ ಕಬ್ಬಿಣ ಕಣೇ, ನಿನ್ನ ಕೈಗೆಲ್ಲಿ ಬಗ್ಗುತ್ತೆ?" ಎನ್ನುತ್ತಿದ್ದರಂತೆ. ಆ ಮಾತನ್ನು ಅತ್ತೆ ಮರೆತಿರಲಿಲ್ಲ. ಕಾರು ಆರು ವರ್ಷ ಹೊದಿಕೆ ಹೊದ್ದು ಮಲಗಿತ್ತು. ಹೋದ ವರ್ಷ ಒಂದು ದಿನ ಹೊದಿಕೆ ಕಿತ್ತೆಸೆದು, "ನನ್ನ ತಂಗಿ ಮನೆಗೆ ನಾನೇ ಓಡಿಸ್ಕೊಂಡು ಹೋಗ್ತೀನಿ, ಯಾರ ಕೈಕಾಲೂ ಹಿಡಿಯಲ್ಲ" ಎಂದು ಶಪಥ ಮಾಡಿದರು. ಎರಡು ಸಲ ಪರೀಕ್ಷೆಗೆ ಹೋಗಿ ನಪಾಸಾಗಿದ್ದರು. ಮೊದಲನೇ ಸಲ ಕಂಬಕ್ಕೆ ತಾಗಿಸಿ, ಇಳಿದುಹೋಗಿ ಕಂಬಕ್ಕೆ ಪೆಟ್ಟಾಯಿತೇ ಎಂದು ಸವರಿ ನೋಡಿದ್ದರು. ಎರಡನೇ ಸಲ ಗಾಬರಿಯಲ್ಲಿ ಮುಂದಿನ ಗೇರ್ ಹಾಕಿ ಹಿಂದಕ್ಕೆ ನೋಡುತ್ತಾ ಕೂತಿದ್ದರು. ಇದು ಮೂರನೇ ಸಲ. ಇದೂ ತಪ್ಪಿದರೆ ಮತ್ತೆ ಆರು ತಿಂಗಳು ಕಾಯಬೇಕು. "ಆಮೇಲೆ ನನಗೆ ಧೈರ್ಯ ಇರಲ್ಲ" ಎಂದು ಮಗಳ ಹತ್ತಿರ ಮೆಲ್ಲಗೆ ಹೇಳಿದ್ದರು.

ಮಾರನೇ ದಿನ ಹೆಂಡತಿ ನಾಲ್ಕೂವರೆಗೇ ಡೈರಿಗೆ ಹೋದಳು. ಏಳು ಗಂಟೆಗೆ ಅತ್ತೆ ಚಹಾ ಕುಡಿದು, ಸ್ಟೀಲಿನ ತಟ್ಟೆಯೊಂದನ್ನು ಎತ್ತಿಕೊಂಡು ತಮ್ಮ ಕೋಣೆಗೆ ಹೊರಟರು. "ಅಳಿಯಂದಿರೇ, ಒಂಬತ್ತರವರೆಗೆ ನನ್ನನ್ನ ಕರೀಬೇಡಿ. ಅಭ್ಯಾಸ ಮಾಡ್ಕೋತೀನಿ" ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ "ಕನ್ನಡಿ ನೋಡು... ಕ್ಲಚ್ಚು... ಒಂದನೇ ಗೇರು..." ಎಂಬ ಜಪ ಕೇಳಿಬರತೊಡಗಿತು. ತಟ್ಟೆಯೇ ಸ್ಟಿಯರಿಂಗು.

ಪೈಲ್ವಾನ ಕೆಲಸಕ್ಕಿಳಿದ. ಮಲಗುವ ಕೋಣೆಯಲ್ಲಿ ಅಂಚು ಜೋಡಿಸಿ, ಚೀಲ ಹಾಸಿ, ಅಡುಗೆಮನೆಯ ನಲ್ಲಿಗೆ ಪೈಪು ಸಿಕ್ಕಿಸಿ ಎಳೆದ. ಪೈಪು ನಡುಮನೆಯಲ್ಲೇ ನಿಂತುಬಿಟ್ಟಿತು. ಎಳೆದ. ನಲ್ಲಿಯಿಂದ ಕಳಚಿ ಬಂತು. ಮತ್ತೆ ಸಿಕ್ಕಿಸಿದ. ಮತ್ತೆ ನಡುಮನೆಯಲ್ಲೇ ನಿಂತಿತು.

ಬೇರೆ ಯಾರಾದರೂ ಆಗಿದ್ದರೆ ಅಂಗಡಿಗೆ ಹೋಗಿ ಇನ್ನೊಂದಿಷ್ಟು ಪೈಪು ತರುತ್ತಿದ್ದರು. ಆದರೆ ಹದಿನೆಂಟು ವರ್ಷದ ಅನುಭವ ಸುಮ್ಮನಿರಬೇಕಲ್ಲ! ಇಲ್ಲೇ ನಡುಮನೆಯಲ್ಲೇ ತುಂಬಿಸಿ, ಆಮೇಲೆ ಕೋಣೆಗೆ ಸರಿಸಿದರಾಯಿತು ಎಂದಿತು. ಹಾಸಿಗೆ ಸರಿಸುವುದೂ ಒಂದು ಕೆಲಸವೇ?

ನಡುಮನೆಯಲ್ಲಿ ಒಂದು ಕಡೆ ಸೋಫಾ, ಇನ್ನೊಂದು ಕಡೆ ಊಟದ ಮೇಜು. ಆರಡಿಗೆ ಆರೂವರೆ ಅಡಿ ಖಾಲಿ ನೆಲ ಇದ್ದದ್ದು ಒಂದೇ ಕಡೆ, ಅತ್ತೆಯ ಕೋಣೆಯ ಬಾಗಿಲಿನ ಮುಂದೆ. ಜಾರಲು ಸುಲಭವಾಗಲೆಂದು ಕೆಳಗೆ ಹಳೆಯ ಬೆಡ್‌ಶೀಟು ಹಾಸಿದ. ಮುಂದಾಲೋಚನೆ! ಅಂಚನ್ನು ಬಾಗಿಲಿಗೆ ಒತ್ತಿ ಕೂರಿಸಿ, ಚೀಲದ ಮೇಲಿನ ಬಾಯಿಗೆ ಪೈಪು ಬಿಟ್ಟು, ನಲ್ಲಿ ತಿರುಗಿಸಿದ.

ಆ ಬಾಗಿಲಿಗೂ ಒಂದು ಚರಿತ್ರೆ ಇತ್ತು. ಕೋಣೆ ಚಿಕ್ಕದು, ಒಳಕ್ಕೆ ತೆರೆದರೆ ಬೀರುವಿಗೆ ಬಡಿಯುತ್ತಿತ್ತು. ಅದಕ್ಕೆ ಎರಡು ವರ್ಷದ ಕೆಳಗೆ ಅದನ್ನು ಕಿತ್ತು, ಹೊರಕ್ಕೆ ತೆರೆಯುವಂತೆ ಮರುಜೋಡಿಸಿದ ಮಹಾಶಿಲ್ಪಿ ಬೇರೆ ಯಾರೂ ಅಲ್ಲ, ಇದೇ ಪೈಲ್ವಾನ.

ಎಂಟೂ ಇಪ್ಪತ್ತಕ್ಕೆ ಚೀಲ ತುಂಬಿ, ನೀಲಿ ತಿಮಿಂಗಿಲದಂತೆ ಉಬ್ಬಿ ನಿಂತಿತು. ಅಂಗೈಯಿಂದ ತಟ್ಟಿದ. ಅಲೆಯೊಂದು ಆ ತುದಿಗೆ ಹೋಗಿ, ಅಂಚಿಗೆ ಬಡಿದು, ಮರಳಿ ಬಂದು ಅವನ ಅಂಗೈಯನ್ನು ತಟ್ಟಿತು. ಪೈಲ್ವಾನನಿಗೆ ರೋಮಾಂಚನವಾಯಿತು.

ಅಂಗಿ ತೋಳು ಮಡಿಚಿ, ಬಗ್ಗಿ, ಅಂಚಿಗೆ ಎರಡೂ ಕೈ ಕೊಟ್ಟು ತಳ್ಳಿದ.

ಹಾಸಿಗೆ ಹೋಗಲಿಲ್ಲ. ಪೈಲ್ವಾನ ಹೋದ. ಸಾಕ್ಸ್ ಹಾಕಿದ್ದ ಕಾಲು ಹಿಂದಕ್ಕೆ ಜಾರಿ, ಗದ್ದ ಹಾಸಿಗೆಯ ಮೇಲೆ ಬಿತ್ತು. ಸಾಕ್ಸ್ ಕಿತ್ತೆಸೆದು ಮತ್ತೆ ತಳ್ಳಿದ. ಬೆನ್ನು ಕೊಟ್ಟು ತಳ್ಳಿದ. ಊಟದ ಮೇಜಿಗೆ ಕಾಲೂರಿ ತಳ್ಳಿದ. ಮೇಜು ಗೋಡೆಯವರೆಗೆ ಹೋಯಿತು. ಕೆಳಗಿನ ಬೆಡ್‌ಶೀಟನ್ನು ಎಳೆದ. ಅದರ ಒಂದು ಮೂಲೆ ಹರಿದು ಕೈಗೆ ಬಂತು.

ಅಷ್ಟರಲ್ಲಿ ಬಾಗಿಲು ಎರಡು ಬೆರಳಷ್ಟು ತೆರೆಯಿತು. ಸಂದಿಯಲ್ಲಿ ಒಂದು ಕಣ್ಣು, ಅರ್ಧ ಕನ್ನಡಕ ಕಾಣಿಸಿತು.

"ಅಳಿಯಂದಿರೇ, ಬಾಗಿಲಿಗೆ ಏನೋ ಅಡ್ಡ ಇದೆ."

"ಏನಿಲ್ಲ ಅತ್ತೆ, ಹಾಸಿಗೆ. ಒಂದೇ ನಿಮಿಷ!"

"ಹಾಸಿಗೆನಾ? ಹಾಗಾದ್ರೆ ಸರಿ. ನಿಮಗೆ ಅದು ಯಾವ ಲೆಕ್ಕ" ಎಂದು ಕಣ್ಣು ಒಳಕ್ಕೆ ಹೋಯಿತು.

ಆ ನಂಬಿಕೆ ಅವನ ಬೆನ್ನಿನ ಮೇಲೆ ಇನ್ನೊಂದು ಹಾಸಿಗೆಯಷ್ಟು ಭಾರವಾಗಿ ಕೂತಿತು. ಗೋದಾಮಿನ ಹಮಾಲರಿಗೆ ಫೋನು ಮಾಡಿದ.

"ಒಂದು ಹಾಸಿಗೆ ಸರಿಸಬೇಕಿತ್ತಪ್ಪಾ, ಇಬ್ಬರು ಬೇಗ ಬನ್ನಿ."

"ಎಷ್ಟು ಹಾಸಿಗೆ ಸಾರ್?"

"ಒಂದು."

ಆ ಕಡೆ ಯಾರೋ ನಕ್ಕ ಸದ್ದು. "ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡ್ತೀರಲ್ಲ ಪೈಲ್ವಾನ್! ಒಂದು ಹಾಸಿಗೆಗೆ ನಿಮಗೆ ಎಡಗೈ ಸಾಕು!" ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲೇ ಇಲ್ಲ. ಕೀರ್ತಿ ಎನ್ನುವುದು ಕಷ್ಟಕಾಲಕ್ಕೆ ಹೀಗೂ ಕೈಕೊಡುತ್ತದೆ.

ಒಂಬತ್ತಕ್ಕೆ ಹೆಂಡತಿ ಬಂದಳು. ಹೊಸ್ತಿಲಲ್ಲೇ ನಿಂತು ಹಾಸಿಗೆ ನೋಡಿದಳು, ಬಾಗಿಲು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. ಬೆವರಿಳಿಯುತ್ತಿತ್ತು.

"ಅಮ್ಮ ಎಲ್ಲಿ?"

"ಒಳಗೆ."

"ಒಳಗೆ ಅಂದ್ರೆ?"

"ಒಳಗೇ ಇದ್ದಾರೆ. ಸದ್ಯಕ್ಕೆ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಕೈಚೀಲ ಕೆಳಗಿಟ್ಟು, "ಉದ್ದ?" ಎಂದಳು.

"ಆರೂವರೆ ಅಡಿ."

"ಅಗಲ?"

"ಆರು."

"ಎತ್ತರ?"

"ಒಂಬತ್ತು ಇಂಚು. ಯಾಕೆ?"

ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲು ಓಡಿತು. "ಎಂಟುನೂರ ಇಪ್ಪತ್ತೆಂಟು ಲೀಟರು. ನೀರು ಲೀಟರಿಗೆ ಒಂದು ಕೆಜಿ. ಎಂಟುನೂರ ಇಪ್ಪತ್ತೆಂಟು ಕೆಜಿ."

"ಹಾಸಿಗೆನಾ?" ಪೈಲ್ವಾನನ ಧ್ವನಿ ಕೀರಲಾಯಿತು. "ನಿನ್ನೆ ಬಗಲಲ್ಲಿ ಹಿಡ್ಕೊಂಡು ಬಂದೆನಲ್ಲೇ!"

"ನಿನ್ನೆ ತಂದದ್ದು ಚೀಲ. ಇವತ್ತು ಅದರಲ್ಲಿ ನೀರಿದೆ. ನಮ್ಮ ಡೈರಿಯಲ್ಲಿ ನಲವತ್ತು ಲೀಟರಿನ ಒಂದು ಕ್ಯಾನು ಎತ್ತೋಕೆ ಇಬ್ಬರು ಬೇಕು. ಇಲ್ಲಿ ಇಪ್ಪತ್ತು ಕ್ಯಾನಿಗಿಂತ ಜಾಸ್ತಿ ಇದೆ. ಅಪ್ಪನ ಕಾರೇ ಎಂಟುನೂರು ಕೆಜಿ. ನೀವು ಅಮ್ಮನ ಬಾಗಿಲಿಗೆ ಅಡ್ಡವಾಗಿ ಒಂದು ಕಾರು ನಿಲ್ಲಿಸಿದ್ದೀರಿ. ಅದೂ ಚಕ್ರ ಇಲ್ಲದ್ದು."

ಪೈಲ್ವಾನ ಅಲ್ಲೇ ಸೋಫಾದ ಮೇಲೆ ಕುಸಿದ. ಸ್ವಲ್ಪ ಹೊತ್ತಿನ ಮೇಲೆ ಅವನಿಗೊಂದು ಯೋಚನೆ ಬಂತು.

"ನೀರಿನ ಬದಲು ಎಣ್ಣೆ ತುಂಬಿಸಿದ್ರೆ? ಎಣ್ಣೆ ನೀರಿನ ಮೇಲೆ ತೇಲುತ್ತಲ್ಲ, ಹಗುರ ಇರ್ಬೇಕು."

"ಏಳುನೂರ ಅರವತ್ತು ಕೆಜಿ ಆಗ್ತಿತ್ತು."

"ಹಾಲು?"

"ನೀರಿಗಿಂತ ಜಾಸ್ತಿ. ಎಂಟುನೂರ ಐವತ್ತಮೂರು. ಜೇನುತುಪ್ಪ ಆದ್ರೆ ಸಾವಿರದ ನೂರ ಎಪ್ಪತ್ತಾರು. ಸಿಮೆಂಟು, ಮರಳು ಕೇಳಬೇಡಿ, ಮನೆಯೇ ಕೆಳಗಿಳಿಯುತ್ತೆ. ಗಾಳಿ ತುಂಬಿಸಿದ್ದಿದ್ರೆ ಒಂದೇ ಕೆಜಿ. ಅದೊಂದನ್ನ ಬಿಟ್ಟು ಉಳಿದದ್ದೆಲ್ಲ ಹೊಳೆಯುತ್ತೆ ನಿಮಗೆ!"

ಬಾಗಿಲ ಸಂದಿಯಲ್ಲಿ ಮತ್ತೆ ಕಣ್ಣು ಕಾಣಿಸಿತು. "ಮಗಾ, ಗಂಟೆ ಒಂಬತ್ತೂ ಹತ್ತು. ಏನು ಸಮಾಚಾರ?"

ಮಗಳು ಮುಚ್ಚಿಡದೆ ಹೇಳಿದಳು. ಅತ್ತೆ ಕೇಳಿಸಿಕೊಂಡರು. ಒಂದು ಕ್ಷಣ ಆ ಕಣ್ಣು ಸುಮ್ಮನೆ ಮುಚ್ಚಿ ತೆರೆಯಿತು. ಪೈಲ್ವಾನನನ್ನು ಎಂಥ ಬೈಗುಳಕ್ಕಿಂತಲೂ ಆ ರೆಪ್ಪೆಯೇ ಹೆಚ್ಚು ನೋಯಿಸಿತು. ಆಮೇಲೆ ಬಂದದ್ದು ಆಸ್ಪತ್ರೆಯ ಧ್ವನಿ, ರಾತ್ರಿ ಪಾಳಿಯ ಹೆಡ್ ನರ್ಸಿನ ಧ್ವನಿ.

"ಎಷ್ಟೋ ಕೂಸುಗಳು ಬರೋ ದಾರೀಲಿ ಹೀಗೇ ಸಿಕ್ಕಿಹಾಕ್ಕೊಂಡಿರುತ್ವೆ. ಗಾಬರಿ ಬಿದ್ರೆ ಏನೂ ಆಗಲ್ಲ. ಮೊದಲು ನೀರು ಹೋಗಬೇಕು. ತೆಗೀರಿ ನೀರು."

ಪೈಪಿನ ಒಂದು ತುದಿ ಚೀಲಕ್ಕೆ, ಇನ್ನೊಂದು ತುದಿ ಬಚ್ಚಲಿಗೆ ಹೋಯಿತು. ಪೈಲ್ವಾನ ಬಚ್ಚಲಿನಲ್ಲಿ ಮಂಡಿಯೂರಿ ಬಾಯಿಂದ ಎಳೆದ. ಮೊದಲ ಎಳೆತಕ್ಕೆ ಏನೂ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಹೊಸ ಪ್ಲಾಸ್ಟಿಕ್ಕಿನ ರುಚಿಯ ಅರ್ಧ ಲೀಟರು ನೀರು ನೇರವಾಗಿ ಗಂಟಲಿಗಿಳಿಯಿತು. ಎಷ್ಟೋ ಗಿರಾಕಿಗಳಿಗೆ ನೀರು ಕುಡಿಸಿದವನಿಗೆ ಹಾಸಿಗೆಯೇ ನೀರು ಕುಡಿಸಿತು!

ಹೆಂಡತಿ ಬಕೆಟ್ಟು ಇಟ್ಟು ಗಡಿಯಾರ ನೋಡಿದಳು. "ಹದಿನೈದು ಲೀಟರಿಗೆ ನಾಲ್ಕು ನಿಮಿಷ. ಇಂಥ ಐವತ್ತೈದು ಬಕೆಟ್ಟು. ಮೂರು ಗಂಟೆ ನಲವತ್ತು ನಿಮಿಷ ಆಗುತ್ತೆ."

"ಒಂದು ಗಂಟೆ ಹೊತ್ತಿಗೆ ಮುಗಿಯುತ್ತೆ ಅಂದ್ರೆ..."

"ಹನ್ನೊಂದಕ್ಕೆ ಟೆಸ್ಟು."

ಕೋಣೆಯೊಳಗಿಂದ ಧ್ವನಿ ಬಂತು. "ಗ್ಲೂಕೋಸ್ ಬಾಟಲಿನ ಎತ್ತರದಲ್ಲಿ ಯಾಕೆ ನೇತುಹಾಕ್ತಾರೆ ಗೊತ್ತಾ ಅಳಿಯಂದಿರೇ? ಬಾಟಲಿ ಮೇಲೆ, ಕೈ ಕೆಳಗೆ. ಎಷ್ಟು ಕೆಳಗೋ ಅಷ್ಟು ಜೋರು. ಬಚ್ಚಲು ಎಷ್ಟು ಕೆಳಗಿದೆ? ಎರಡು ಇಂಚು. ಬಾಲ್ಕನಿಯಿಂದ ಇಳಿಬಿಡಿ."

ಪೈಲ್ವಾನನಿಗೆ ಇದ್ದಕ್ಕಿದ್ದಂತೆ ಅತ್ತೆಯ ಮೇಲೆ ಗೌರವ ಉಕ್ಕಿ ಬಂತು. ಪೈಪನ್ನು ಬಾಲ್ಕನಿಗೆ ಒಯ್ದು, ಮತ್ತೊಂದು ಗುಟುಕು ನುಂಗಿ, ಕಂಬಿಯ ನಡುವಿನಿಂದ ಕೆಳಕ್ಕೆ ಬಿಟ್ಟ. ಹತ್ತು ಅಡಿ ಕೆಳಗೆ ತುದಿಯಿಂದ ನೀರು ಭೋರೆಂದು ಸುರಿಯತೊಡಗಿತು. ಒಳಗೆ ತಿಮಿಂಗಿಲ ನಿಧಾನವಾಗಿ ನಿಟ್ಟುಸಿರು ಬಿಡತೊಡಗಿತು.

"ನೋಡಿದೆಯಾ!" ಎಂದ ಹೆಂಡತಿಗೆ, ತಾನೇ ಕಂಡುಹಿಡಿದವನಂತೆ.

"ಪೈಪಿನ ತುದಿ ನೆಲದವರೆಗೆ ಹೋಗಿದೆಯಾ?"

"ನೆಲ ಯಾಕೆ? ಕೆಳಗೆ ಹೋದ ನೀರು ಕೆಳಗೇ ಹೋಗುತ್ತೆ."

ನೀರು ಕೆಳಗೇನೋ ಹೋಯಿತು. ಆದರೆ ಪೂರ್ತಿ ಕೆಳಗೆ ಹೋಗಲಿಲ್ಲ. ನಡುವೆ ಎರಡನೇ ಅಂತಸ್ತಿನ ಬಾಲ್ಕನಿ ಇತ್ತು. ಆ ಮನೆಯಲ್ಲಿ ಬುಕ್ ಬೈಂಡರು ವಾಸವಾಗಿದ್ದರು. ಶಾಲೆಯೊಂದಕ್ಕೆ ಕೊಡಬೇಕಾದ ನಲವತ್ತು ಹಾಜರಿ ಪುಸ್ತಕಗಳನ್ನು ಗೋಂದು ಹಚ್ಚಿ, ರಟ್ಟು ಅಂಟಿಸಿ, ಒಣಗಲೆಂದು ಬಾಲ್ಕನಿಯಲ್ಲಿ ಸಾಲಾಗಿ ಹರಡಿದ್ದರು. ಒಳಗೆ ಹೊಲಿಗೆ ಹಾಕುತ್ತಾ ಕೂತಿದ್ದವರಿಗೆ ಆಕಾಶ ತಿಳಿಯಾಗಿದ್ದರೂ ಮಳೆಯ ಸದ್ದು ಕೇಳಿಸಿದ್ದು ಇಪ್ಪತ್ತು ನಿಮಿಷದ ಮೇಲೆ.

ಯಾರೋ ಮುಂಬಾಗಿಲನ್ನು ದಬದಬ ಬಡಿದರು. ಬೈಂಡರು ನಿಂತಿದ್ದರು. ಕೃಶ ಶರೀರ, ಬೆರಳ ತುದಿಗೆಲ್ಲ ಒಣಗಿದ ಗೋಂದು. ಒಂದು ಕೈಯಲ್ಲಿ ಕೆಲಸದ ಮರದ ಸುತ್ತಿಗೆ, ಇನ್ನೊಂದು ಕೈಯಲ್ಲಿ ನೀರಿಳಿಯುವ ಹಾಜರಿ ಪುಸ್ತಕ.

"ಹಿಡೀರಿ ಸ್ವಾಮಿ ಇದನ್ನ" ಎಂದು ಪುಸ್ತಕವನ್ನು ಪೈಲ್ವಾನನ ಕೈಗೆ ಹಾಕಿದರು. ಕೈ ಜಗ್ಗಿತು. "ಬೆಳಿಗ್ಗೆ ಇದು ಅರ್ಧ ಕೆಜಿ ಇತ್ತು. ಈಗ ಎಷ್ಟಿದೆ ಹೇಳಿ!"

ಪೈಲ್ವಾನ ಅಭ್ಯಾಸಬಲದಿಂದ ಹೆಂಡತಿಯ ಕಡೆ ನೋಡಿದ.

"ಒಂದೂಕಾಲು ಇರಬಹುದು" ಎಂದಳು ಅವಳು, ಪುಸ್ತಕದ ಮೂಲೆ ಮುಟ್ಟಿ.

"ಇಂಥವು ನಲವತ್ತು! ಎಲ್ಲ ಮಕ್ಕಳೂ ಒಂದೇ ದಿನ ಈಜೋಕೆ ಹೋದ ಹಾಗೆ ಆಗಿದೆ! ಯಾರು ಬಿಟ್ಟದ್ದು ನೀರು?"

"ನಾನೇ" ಎಂದ ಪೈಲ್ವಾನ. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. "ಒಳಗೆ ನಮ್ಮತ್ತೆ ಸಿಕ್ಕಿಹಾಕ್ಕೊಂಡಿದ್ದಾರೆ. ಹನ್ನೊಂದಕ್ಕೆ ಟೆಸ್ಟು. ನಿಮ್ಮ ನಲವತ್ತೂ ಪುಸ್ತಕ ನಾನೇ ಕೂತು ಮತ್ತೆ ಅಂಟಿಸಿಕೊಡ್ತೀನಿ. ಎಷ್ಟು ದಿನವಾದ್ರೂ ಸರಿ. ಈಗ ಮಾತ್ರ ಬೈಬೇಡಿ, ಆಮೇಲೆ ಬಯ್ಯಿರಿ."

ಹೆಂಡತಿ ಪೈಪಿನ ತುದಿಯನ್ನು ಕೆಳಗಿನ ಬಾಲ್ಕನಿಯಿಂದ ಆಚೆ ಸರಿಸಲು ಓಡಿದಳು; ಬೈಂಡರು ಅತ್ತೆಯ ಬಾಗಿಲಿನ ಕಡೆ ತಿರುಗಿದರು. ಸಂದಿಯಲ್ಲಿದ್ದ ಕಣ್ಣು ಅವರನ್ನೇ ನೋಡುತ್ತಿತ್ತು. "ನಮಸ್ಕಾರ" ಎಂದಿತು ಬಾಗಿಲು.

"ನಮಸ್ಕಾರ ಅಮ್ಮಾ." ಅವರು ಹಾಸಿಗೆಯ ಹತ್ತಿರ ಬಂದು ಬಗ್ಗಿ ನೋಡಿದರು. ನೀರು ಮೂರನೇ ಒಂದು ಭಾಗ ಇಳಿದಿತ್ತು. ಆದರೂ ಚೀಲ ಅಂಚನ್ನು ಬಾಗಿಲಿಗೆ ಒತ್ತಿ ಹಿಡಿದೇ ಇತ್ತು. "ಈ ಬಾಗಿಲು ಹೊರಕ್ಕೆ ತೆರೆಯೋದಾ?"

"ಹೌದು" ಎಂದ ಪೈಲ್ವಾನ. "ನಾನೇ ಹಾಗೆ ಕೂರಿಸಿದ್ದು."

"ಹೊರಕ್ಕೆ ತೆರೆಯೋ ಬಾಗಿಲಿಗೆ ಕೀಲು ಹೊರಗಡೆನೇ ಇರುತ್ತೆ."

"ಹೌದು."

"ಇಲ್ಲೇ ಇದೆ. ಮೂರು ಕೀಲು. ಮೂರಕ್ಕೂ ನಡುವೆ ಒಂದೊಂದು ಕಡ್ಡಿ."

"ಹೌದು."

"ಕಡ್ಡಿ ಎಬ್ಬಿಸಿದ್ರೆ ಬಾಗಿಲು ಕೈಗೆ ಬರುತ್ತಲ್ಲ ಸ್ವಾಮಿ!"

ಪೈಲ್ವಾನ ಮೂರೂ ಕೀಲುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದ. ಮುನ್ನೂರು ಲೀಟರು ನೀರು, ನಲವತ್ತು ಪುಸ್ತಕ, ಒಂದೂವರೆ ಗಂಟೆ! ಪೈಲ್ವಾನ ಹೆಂಡತಿಯ ಕಡೆ ನೋಡುವ ಸಾಹಸ ಮಾಡಲಿಲ್ಲ. ನೋಡಿದ್ದರೆ ಅವಳೂ ಕೆಂಪಗಾಗಿದ್ದು ಕಾಣುತ್ತಿತ್ತು. ಕ್ಯಾಲೆಂಡರಿನ ಹಿಂಬದಿಯ ಅಷ್ಟೂ ಲೆಕ್ಕದಲ್ಲಿ ಆ ಮೂರು ಕಡ್ಡಿಗಳು ಎಲ್ಲೂ ಇರಲಿಲ್ಲ.

ಬೈಂಡರು ಕಿವಿಯ ಹಿಂದೆ ಸಿಕ್ಕಿಸಿದ್ದ ದಬ್ಬಳ ತೆಗೆದರು. ದಪ್ಪ ಪುಸ್ತಕಕ್ಕೆ ತೂತು ಹಾಕುವ ಆ ದಪ್ಪ ಸೂಜಿಯನ್ನು ಕಡ್ಡಿಯ ಬುಡಕ್ಕೆ ಕೊಟ್ಟು, ಹಾಸಿಗೆಯ ಮೇಲೆ ಮಂಡಿಯೂರಿ, ತೇಲುತ್ತಾ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಟಕ್, ಟಕ್. ಮೇಲಿನದು ಬಂತು. ನಡುವಿನದು ಬಂತು. ಕೆಳಗಿನದು ಹಾಸಿಗೆಯ ಅಂಚಿಗಿಂತ ಎರಡೇ ಬೆರಳು ಮೇಲಿತ್ತು. ಅದೂ ಬಂತು. ನಾಲ್ಕು ನಿಮಿಷ ಹಿಡಿಯಿತು. ಗಂಡ ಹೆಂಡತಿ ಸೇರಿ ಬಾಗಿಲನ್ನು ಎತ್ತಿ ಸೋಫಾಕ್ಕೆ ಒರಗಿಸಿದರು.

ಬಾಗಿಲಿಲ್ಲದ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಇಸ್ತ್ರಿಯ ಬಟ್ಟೆ, ಬಾಚಿದ ಬಿಳಿ ತಲೆ, ಒಂದು ಕೈಯಲ್ಲಿ ಅರ್ಜಿ ಇಟ್ಟ ಕವರು, ಇನ್ನೊಂದರಲ್ಲಿ ಚಪ್ಪಲಿ.

"ಬನ್ನಿ ಅತ್ತೆ, ಕೈ ಕೊಡಿ!" ಪೈಲ್ವಾನ ಉತ್ಸಾಹದಿಂದ ಹಾಸಿಗೆಯ ಮೇಲೆ ಹಾರಿದ. ಅದು ಫೋಮ್ ಅಲ್ಲ ಎಂಬುದು ಅವನ ಕಾಲಿಗೆ ಇನ್ನೂ ತಿಳಿದಿರಲಿಲ್ಲ. ಕಾಲು ಮುಳುಗಿತು, ಎದುರಿನಿಂದ ಅಲೆ ಎದ್ದಿತು, ಪೈಲ್ವಾನ ಅಂಗಾತ ಬಿದ್ದ. ಬಿದ್ದ ರಭಸಕ್ಕೆ ಚೀಲದ ಬಾಯಿಂದ ಪೈಪು ಹಾರಿ, ನೀರು ಕಾರಂಜಿಯಂತೆ ಚಿಮ್ಮಿ ಅವನನ್ನು ಸೊಂಟದವರೆಗೆ ತೋಯಿಸಿತು.

ಅತ್ತೆ ಕಾದರು. ಅಲೆ ತಣಿಯಿತು. ಆಮೇಲೆ ಒಂದು ಕಾಲನ್ನು ಮೆಲ್ಲಗೆ ಇಟ್ಟು, ಅದು ಎಲ್ಲಿಯವರೆಗೆ ಇಳಿಯುತ್ತದೆಯೋ ಇಳಿಯಲು ಬಿಟ್ಟು, ಇನ್ನೊಂದು ಕಾಲಿಟ್ಟರು. ಎರಡೂ ಕೈ ಅಗಲಕ್ಕೆ ಚಾಚಿ, ಎದುರಿನ ಗೋಡೆಯನ್ನೇ ನೋಡುತ್ತಾ, ಒಂದು, ಎರಡು, ಮೂರು, ನಾಲ್ಕು ಹೆಜ್ಜೆ ಇಟ್ಟರು. ಐದನೆಯದಕ್ಕೆ ಅಳಿಯನನ್ನು ದಾಟಿ ನೆಲಕ್ಕಿಳಿದರು. ಚಪ್ಪಲಿ ಮೆಟ್ಟಿಕೊಂಡು ಗಡಿಯಾರ ನೋಡಿದರು.

"ಹತ್ತು ಮೂವತ್ತೈದು. ಏಳಿ ಅಳಿಯಂದಿರೇ, ಆಮೇಲೆ ಮಲಗೋರಂತೆ."

ಬಟ್ಟೆ ಬದಲಿಸುವ ಹೊತ್ತಿರಲಿಲ್ಲ. ಹೆಂಡತಿ ಪೈಪು ಹಿಡಿದು ಮನೆಯಲ್ಲಿ ಉಳಿದಳು. ಪೈಲ್ವಾನ ಒದ್ದೆ ಪ್ಯಾಂಟಿನಲ್ಲೇ ಕಾರು ಓಡಿಸಿದ. ದಾರಿಯುದ್ದಕ್ಕೂ ಅತ್ತೆ ಪಕ್ಕದಲ್ಲಿ ಕೂತು ಅವನ ಕೈಕಾಲುಗಳನ್ನೇ ಗಮನಿಸುತ್ತಿದ್ದರು. ಎರಡು ಕಡೆ ಮಾತ್ರ, "ಕನ್ನಡಿ ನೋಡಲಿಲ್ಲ ನೀವು" ಎಂದರು.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಮೈದಾನ ಮುಟ್ಟಿದರು. ಇನ್‌ಸ್ಪೆಕ್ಟರು ಹೆಸರು ಕೂಗುತ್ತಿದ್ದರು. ಅತ್ತೆ ಚಾಲಕರ ಸೀಟಿಗೆ ಬಂದರು. ಪೈಲ್ವಾನ ಬೇಲಿಯ ಹತ್ತಿರ ನಿಂತ. ಅವನ ಸುತ್ತ ನೆಲ ಒದ್ದೆಯಾಗತೊಡಗಿದ್ದರಿಂದ ಉಳಿದವರು ಸ್ವಲ್ಪ ದೂರ ಸರಿದರು. ಅದೇ ಹೊತ್ತಿಗೆ ಮಾಲೀಕರ ಫೋನು ಬಂತು.

"ಏನಯ್ಯಾ, ತುಂಬಿಸಿದೆಯಾ? ಹೇಗಿದೆ ಹಾಸಿಗೆ?"

ಪೈಲ್ವಾನ ಅಳೆದು ತೂಗಿ ಉತ್ತರ ಹುಡುಕಿದ. ಸುಳ್ಳಾಗಬಾರದು, ನಿಜವೂ ಪೂರ್ತಿ ಹೊರಬರಬಾರದು.

"ಭಾರೀ ಹಾಸಿಗೆ ಸಾರ್!"

"ಭಾರೀ ಹಾಸಿಗೆ! ಎಷ್ಟು ಚೆನ್ನಾಗಿ ಹೇಳಿದೆ! ಇದನ್ನೇ ಬೋರ್ಡಿಗೆ ಬರೆಸ್ತೀನಿ!" ಮಾಲೀಕರು ಖುಷಿಯಲ್ಲಿ ಫೋನಿಟ್ಟರು.

ಮೈದಾನದಲ್ಲಿ ಕಾರು ಎಂಟರ ಆಕಾರದಲ್ಲಿ ಸುತ್ತಿತು. ಏರಿನಲ್ಲಿ ನಿಂತಿತು, ಹಿಂದಕ್ಕೆ ಜಾರದೆ ಮುಂದಕ್ಕೆ ಹೋಯಿತು. ಕೊನೆಗೆ ಹಿಂದಕ್ಕೆ ಬರುವ ಪರೀಕ್ಷೆ. ಪೈಲ್ವಾನ ಕಣ್ಣು ಮುಚ್ಚಿಕೊಂಡ. ಕಂಬಕ್ಕೆ ಬಡಿದ ಸದ್ದು ಬರಲಿಲ್ಲ. ಕಣ್ಣು ಬಿಟ್ಟಾಗ ಕಾರು ಎರಡು ಕಂಬಗಳ ನಡುವೆ, ಅಳತೆ ಕೊಟ್ಟು ಹೊಲಿಸಿದಂತೆ ನಿಂತಿತ್ತು.

"ಹೋದ ಸಲ ಗೇರೇ ತಪ್ಪಿಹೋಗಿ‌ತ್ತಲ್ಲಮ್ಮಾ ನಿಮಗೆ. ಇವತ್ತೇನಾಯ್ತು?" ಇನ್‌ಸ್ಪೆಕ್ಟರು ಇಳಿಯುತ್ತಾ ಕೇಳಿದರು.

"ಬೆಳಿಗ್ಗೆ ನೀರಿನ ಮೇಲೆ ನಡೆದು ಬಂದೆ ಸಾರ್" ಎಂದರು ಅತ್ತೆ. "ನೆಲದ ಮೇಲೆ ಓಡಿಸೋದೇನು ಮಹಾ."

ಇನ್‌ಸ್ಪೆಕ್ಟರಿಗೆ ಅರ್ಥವಾಗಲಿಲ್ಲ. ಪಾಸು ಎಂದು ಬರೆದು ಮೊಹರು ಒತ್ತಿದ ಚೀಟಿ ಕೊಟ್ಟರು. "ಕಾರ್ಡು ಮನೆಗೆ ಬರುತ್ತೆ. ಅಲ್ಲಿವರೆಗೆ ಈ ಚೀಟಿ ಇಟ್ಕೊಂಡು ಓಡಿಸಬಹುದು." ಅತ್ತೆ ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತರು. ಆ ಎಂಟುನೂರು ಕೆಜಿ ಕಬ್ಬಿಣ ಅವರ ಕೈ ಕೆಳಗೆ ಬೆಚ್ಚಗಿತ್ತು. ಪೈಲ್ವಾನ ಮುಖ ಆಚೆ ತಿರುಗಿಸಿದ. ಒದ್ದೆಯಾಗಲು ಅವನಿಗೆ ಉಳಿದಿದ್ದದ್ದು ಕಣ್ಣೊಂದೇ.

"ಅಂದಹಾಗೆ, ಈ ಗಾಡಿನ ಇಲ್ಲಿವರೆಗೆ ಓಡಿಸ್ಕೊಂಡು ಬಂದವರು ಯಾರು?" ಇನ್‌ಸ್ಪೆಕ್ಟರು ತಿರುಗಿ ಕೇಳಿದರು.

"ನಾನು ಸಾರ್, ಅಳಿಯ" ಎಂದು ಪೈಲ್ವಾನ ಎದೆಯುಬ್ಬಿಸಿ ಮುಂದೆ ಬಂದ.

"ಎಲ್ಲಿ, ನಿಮ್ಮ ಲೈಸೆನ್ಸ್ ತೋರಿಸಿ."

ತೋರಿಸಿದ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒದ್ದೆಯಾಗಿದ್ದ ಕಾರ್ಡನ್ನು ಅವನ ಅಂಗಿಗೇ ಒರೆಸಿ ಮತ್ತೊಮ್ಮೆ ನೋಡಿದರು.

"ಇದರ ಅವಧಿ ಮುಗಿದು ನಾಲ್ಕು ತಿಂಗಳಾಯ್ತಲ್ರೀ! ಹೊಸದಾಗಿ ಮಾಡಿಸೋವರೆಗೆ ನೀವು ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ. ಅಮ್ಮಾ, ಇವರನ್ನ ನೀವೇ ಮನೆಗೆ ಕರ್ಕೊಂಡು ಹೋಗಿ."

"ಆಗಲಿ" ಎಂದರು ಅತ್ತೆ.

ಪೈಲ್ವಾನ ಮುಂದಿನ ಬಾಗಿಲಿಗೆ ಕೈ ಹಾಕಿದ. "ಮುಂದೆ ಬೇಡ" ಎಂದರು ಅತ್ತೆ. "ಸೀಟು ಒದ್ದೆಯಾಗುತ್ತೆ. ಹಿಂದೆ ಕೂತ್ಕೊಳ್ಳಿ, ನಡುವೆ. ಒಂದು ಕಡೆ ಕೂತ್ರೆ ಗಾಡಿ ಎಳೆಯುತ್ತೆ."

ಮೈದಾನದ ಗೇಟು ದಾಟಿತು. ಮೊದಲ ತಿರುವು ಬಂತು. ಎದುರಿಗೊಂದು ಲಾರಿ ಬರುತ್ತಿತ್ತು. ಪೈಲ್ವಾನನಿಗೆ ತಡೆಯಲಾಗಲಿಲ್ಲ. ಎರಡು ಸೀಟಿನ ನಡುವೆ ಕತ್ತು ತೂರಿಸಿ, "ಅತ್ತೆ, ಸ್ವಲ್ಪ ಎಡಕ್ಕೆ... ಎರಡನೇ ಗೇರಿಗೆ ಹಾಕಿ... ಹಾರ್ನ್... ಹಾರ್ನ್!" ಎಂದ.

ಅತ್ತೆ ಹಾರ್ನ್ ಮಾಡಲಿಲ್ಲ. ಕನ್ನಡಿಯಲ್ಲಿ ಹಿಂದಕ್ಕೊಮ್ಮೆ ನೋಡಿ, ನಿಧಾನವಾಗಿ ಲಾರಿಗೆ ದಾರಿ ಬಿಟ್ಟು, ತಿರುವು ಮುಗಿಸಿ, ಗೇರ್ ಬದಲಿಸಿದ ಮೇಲೆ ಹೇಳಿದರು:

"ಅಳಿಯಂದಿರೇ, ಹಿಂದಿನ ಸೀಟಿನಲ್ಲಿರೋದು ಲಗೇಜು. ಲಗೇಜಿಗೆ ತೂಕ ಇರುತ್ತೆ, ಬಾಯಿ ಇರಲ್ಲ."